90.4: ಜಹೀರಾಬಾದ್ ದಾಟುವಾಗ ಸಿಗುವ ರೇಡಿಯೊ

ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾ, ಊರು ಮಾತ್ರ ಬೀದರ್, ಹುಮನಾಬಾದ್, ಕಲಬುರಗಿ ಕಡೆ ಇರೋರಿಗೆ ಶುಕ್ರವಾರ ಸಂಜೆ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಗಚ್ಚಿಬೌಲಿಯಿಂದ ನಾಲ್ಕೂವರೆಗೆ ಹೊರಟರೂ ಪಟಾನ್‌ಚೆರು ದಾಟೋದ್ರಲ್ಲೇ ಅರ್ಧ ಜೀವ ಹೋಗಿರುತ್ತೆ. ಆಮೇಲೆ ಸಂಗಾರೆಡ್ಡಿ, ಸದಾಶಿವಪೇಟೆ. ಜಹೀರಾಬಾದ್ ಹತ್ತಿರ ಬರೋ ಹೊತ್ತಿಗೆ ಕತ್ತಲಾಗಿರುತ್ತೆ, ಹೈದರಾಬಾದಿನ ಎಫ್‌ಎಂಗಳೆಲ್ಲ ಒಂದೊಂದಾಗಿ ಕೈಬಿಟ್ಟಿರುತ್ತವೆ.

2013ರ ಚಳಿಗಾಲ ಇರಬೇಕು. ನನ್ನ ಹಳೇ ವ್ಯಾಗನ್ ಆರ್‌ನಲ್ಲಿ ಪೆನ್ ಡ್ರೈವ್ ಕೆಟ್ಟಿತ್ತು. ಸುಮ್ಮನೆ ಡಯಲ್ ತಿರುಗಿಸ್ತಾ ಹೋದೆ. 90.4ಕ್ಕೆ ಬಂದಾಗ ಒಬ್ಬ ಹೆಣ್ಮಗಳ ದನಿ ಸಿಕ್ಕಿತು. ಹಿಂದುಗಡೆ ಕೋಳಿ ಕೂಗ್ತಿದೆ, ಯಾರೋ ಕೆಮ್ತಿದಾರೆ. ಆಕೆ ಬೀಜ ಕಾದಿಡೋದು ಹೇಗೆ ಅಂತ ಇನ್ನೊಬ್ಬಾಕೆಗೆ ಹೇಳ್ತಿದ್ದಾಳೆ: ಬುಟ್ಟಿಗೆ ಬೂದಿ ಎಷ್ಟು, ಬೇವಿನ ಎಲೆ ಎಷ್ಟು, ಮೇಲೆ ಸೆಗಣಿ ಮಣ್ಣು ಹೇಗೆ ಮೆತ್ತಬೇಕು. ಮಾತು ತೆಲುಗು, ಆದರೆ ಸಿನಿಮಾ ತೆಲುಗಲ್ಲ. ಕೊರ್ರ ಅಂದ್ರೆ ನಮ್ಮ ನವಣಿ, ಜೊನ್ನ ಅಂದ್ರೆ ಜೋಳ, ಕಂದಿ ಅಂದ್ರೆ ತೊಗರಿ. ಮೊದಲ ಎರಡು ನಿಮಿಷ ಇದು ಯಾವುದೋ ನಾಟಕ ಅಂದ್ಕೊಂಡಿದ್ದೆ. ಜಾಹೀರಾತು ಬರಲಿಲ್ಲ, ಆರ್‌ಜೆ ಬಂದು ಕಿರುಚಲಿಲ್ಲ. ಆಕೆ ಮುಗಿಸೋ ತನಕ ಯಾರೂ ಬಾಯಿ ಹಾಕಲಿಲ್ಲ. ರಾಜ್ಯದ ಗಡಿ ಬರೋದಕ್ಕೆ ಮುಂಚೆಯೇ ದನಿ ಹರಿದು ಹರಿದು ಹೋಯ್ತು.

ಅದು ಸಂಗಂ ರೇಡಿಯೊ. ಜಹೀರಾಬಾದ್ ಪಕ್ಕದ ಮಾಚನೂರು ಅನ್ನೋ ಹಳ್ಳಿಯಿಂದ ಬರೋದು. ಇವತ್ತು ಹೇಳಬೇಕು ಅಂದ್ಕೊಂಡಿರೋದು ಅದರ ಕಥೆ. ಜೊತೆಗೆ ಅದಕ್ಕೆ ಹತ್ತು ವರ್ಷ ಯಾಕೆ ಬಾಯಿ ಕಟ್ಟಿ ಕೂರಿಸಿದ್ರು ಅನ್ನೋ ಕಥೆ. ಅದರಲ್ಲಿ ಒಂದು ಕ್ರಿಕೆಟ್ ಟೂರ್ನಮೆಂಟ್ ಬರುತ್ತೆ, ಕೋಲಾರದ ಒಂದು ಹಳ್ಳಿ ಬರುತ್ತೆ, ಕೊನೆಗೆ ನಮ್ಮ ಆಯಿ ಕೂಡ ಬರ್ತಾಳೆ. ಆಯಿ ಅಂದ್ರೆ ನಮ್ಮ ಕಡೆ ಅಜ್ಜಿ.

ಮೊದಲು ಜಾಗದ ವಿಷಯ. ಜಹೀರಾಬಾದ್ ಅಂದ್ರೆ ನಮಗೆ ಈಗ 'ತೆಲಂಗಾಣ'. ಆದರೆ 1956ರಲ್ಲಿ ರಾಜ್ಯಗಳನ್ನು ಭಾಷೆಯ ಪ್ರಕಾರ ಕತ್ತರಿಸೋ ತನಕ ಅದು ನಿಜಾಮರ ಕಾಲದಿಂದ ಬಂದ ಬೀದರ್ ಜಿಲ್ಲೆಯದೇ ಒಂದು ತಾಲೂಕು. ನಾರಾಯಣಖೇಡ ಕೂಡ ಹಾಗೇ. ಗೆರೆ ಎಳೆದಾಗ ಅವು ಮೇದಕ್ ಜಿಲ್ಲೆಗೆ ಹೋದವು. ಹಾಗಾಗಿ ಆ ಕಡೆಯ ಹೆಣ್ಮಕ್ಕಳ ತೆಲುಗು ನಮ್ಮ ಕಿವಿಗೆ ಅಷ್ಟು ಹತ್ತಿರ ಕೇಳಿಸಿದರೆ ಆಶ್ಚರ್ಯ ಏನಿಲ್ಲ. ಎರಡೂ ಕಡೆ ಅದೇ ಮಣ್ಣು, ಅದೇ ಜೋಳ, ಅದೇ ಬರ.

ಈ ಊರುಗಳಲ್ಲಿ 1980ರ ದಶಕದ ಆರಂಭದಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅನ್ನೋ ಸಂಸ್ಥೆ ಕೆಲಸ ಮಾಡ್ತಾ ಬಂದಿದೆ. ಅದನ್ನು ಗೆಳೆಯರ ಜೊತೆ ಸೇರಿ ಕಟ್ಟಿದವರು ಪಿ.ವಿ. ಸತೀಶ್. ಹುಟ್ಟಿದ್ದು 1945ರಲ್ಲಿ, ನಮ್ಮ ಮೈಸೂರಿನಲ್ಲಿ. ಹೆಸರಿನ ಮೊದಲ 'ಪಿ' ಅಂದ್ರೆ ಪಿರಿಯಾಪಟ್ಟಣ. ದೂರದರ್ಶನದಲ್ಲಿ ನಿರ್ಮಾಪಕರಾಗಿ ಸುಮಾರು ಎರಡು ದಶಕ ಇದ್ದವರು. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಿದ 'ಸೈಟ್' ಪ್ರಯೋಗದಲ್ಲೂ ಕೆಲಸ ಮಾಡಿದ್ದರು. ನನಗೆ ಇಲ್ಲಿ ಹಿಡಿಸೋ ಮಾತು ಇದು: ಮೇಲಿನಿಂದ ಹಳ್ಳಿಗೆ ಕಾರ್ಯಕ್ರಮ ಕಳಿಸೋ ಕೆಲಸವನ್ನ ಒಳಗಿಂದ ನೋಡಿದ ಮನುಷ್ಯ, ಆಮೇಲೆ ಕ್ಯಾಮೆರಾ ಮೈಕು ಎರಡನ್ನೂ ಹಳ್ಳಿಯವರ ಕೈಗೇ ಕೊಟ್ಟುಬಿಟ್ಟರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಅದಕ್ಕೆ ಇನ್ನೂ ಸ್ವಲ್ಪ ಜಾಗ ಸಿಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಆ ಸಂಸ್ಥೆಯ ಬುಡ ಅಂದ್ರೆ ಊರೂರಿನ ಮಹಿಳಾ ಸಂಘಗಳು. ಬಹುಪಾಲು ದಲಿತ ಹೆಣ್ಮಕ್ಕಳು. ಒಂದು ಎಕರೆ ಎರಡು ಎಕರೆ ಕಲ್ಲು ಭೂಮಿ ಇರೋರು. ಪಡಿತರದ ಅಕ್ಕಿ ಬಂದ ಮೇಲೆ ಎಲ್ಲರೂ ಬಿಟ್ಟ ನವಣಿ, ಸಾವಿ, ಸಜ್ಜಿಗಳನ್ನು ಮತ್ತೆ ಬೆಳೆದು, ಬೀಜ ಕೂಡಿಟ್ಟು, ಬೇಕಾದವರಿಗೆ ಕಡ ಕೊಡ್ತಾ ಬಂದವರು. ಪ್ರತಿ ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಬಂಡಿಗಳನ್ನು ಸಿಂಗರಿಸಿ, ಮೇಲೆ ಬೀಜದ ಕುಡಿಕೆಗಳನ್ನಿಟ್ಟು ಊರಿಂದೂರಿಗೆ ಜಾತ್ರೆ ಮಾಡ್ತಾರೆ. 'ಪಾತ ಪಂಟಲ ಜಾತರ', ಹಳೆ ಬೆಳೆಗಳ ಜಾತ್ರೆ. ದೇವರಿಲ್ಲದ ತೇರು ಅಂದ್ರೂ ಸರಿ. ಅಥವಾ ಬೀಜವೇ ದೇವರು ಅಂದ್ರೂ ಸರಿ.

ಈ ಸಂಘದವರಿಗೆ ರೇಡಿಯೊ ಯಾಕೆ ಬೇಕಾಯ್ತು? ಅಲ್ಲಿಗೆ ಆಕಾಶವಾಣಿ ಬರ್ತಿರಲಿಲ್ಲ ಅಂತಲ್ಲ. ಬರ್ತಿತ್ತು. ರೈತರ ಕಾರ್ಯಕ್ರಮವೂ ಇತ್ತು. ಆದರೆ ಅದರಲ್ಲಿ ಮಾತಾಡೋರು ಅಧಿಕಾರಿಗಳು, ಹೇಳೋದು ಯೂರಿಯಾ ಎಷ್ಟು ಹಾಕಬೇಕು ಅಂತ. ಭಾಷೆ ಕರಾವಳಿ ಆಂಧ್ರದ ಓದಿದವರ ತೆಲುಗು. ಇವರ ಬೆಳೆ ಅದರಲ್ಲಿಲ್ಲ, ಇವರ ಮಾತು ಅದರಲ್ಲಿಲ್ಲ. ನಮ್ಮಲ್ಲಿ ಇದು ಯಾರಿಗಾದ್ರೂ ಅರ್ಥ ಆಗದೆ ಇದ್ದರೆ, ಬೆಂಗಳೂರಿನ ಆಫೀಸಿನಲ್ಲಿ 'ಏನ್ ಮಾಡ್ಲತ್ತೀರಿ' ಅಂದು ಅರ್ಧ ಟೀಮ್ ನಕ್ಕಿದ್ದನ್ನ ಕೇಳಿಸ್ಕೊಂಡ ಬೀದರಿನವರನ್ನ ಕೇಳಿ, ಹೇಳ್ತಾರೆ. ನಾನು ಆ ನಗು ಕೇಳಿದ ಮೇಲೆ ಎರಡು ವರ್ಷ ಆಫೀಸಿನಲ್ಲಿ ಕನ್ನಡವನ್ನೇ ಮಾತಾಡಿರಲಿಲ್ಲ, ಹಿಂದಿ ಇಂಗ್ಲಿಷಿನಲ್ಲೇ ಕಾಲ ಹಾಕಿದೆ.

1998ರ ಹೊತ್ತಿಗೆ ಯುನೆಸ್ಕೊ ನೆರವಿನಿಂದ ಮಾಚನೂರಿನಲ್ಲಿ ರೆಕಾರ್ಡಿಂಗ್ ಶುರುವಾಯ್ತು. ಇಬ್ಬರು ಹುಡುಗಿಯರು ಮುಂದೆ ನಿಂತರು. ಇಬ್ಬರ ಹೆಸರೂ ನರಸಮ್ಮ. ಅಲ್ಗೋಲ್ ಊರಿನವಳು ಅಲ್ಗೋಲ್ ನರಸಮ್ಮ, ಇನ್ನೊಬ್ಬಾಕೆ ಜನರಲ್ ನರಸಮ್ಮ. ಇಬ್ಬರೂ ದಲಿತ ಕುಟುಂಬದವರು. ಟೇಪ್ ರೆಕಾರ್ಡರ್ ಹೊತ್ತು ಊರೂರಿಗೆ ಹೋಗಿ, ಹೊಲದಲ್ಲಿ, ಕಟ್ಟೆ ಮೇಲೆ ಕೂತು ಮಾತು ತುಂಬಿಸಿಕೊಂಡು ಬಂದ್ರು. ಬಿತ್ತನೆ ಹಾಡು, ಬಾಣಂತಿ ಆರೈಕೆ, ಯಾವ ಮಳೆಗೆ ಯಾವ ಬೀಜ, ಕೂಲಿ ವಿಚಾರ, ಹಬ್ಬ. ಕಾರ್ಯಕ್ರಮ ತಯಾರು. ಆದರೆ ಪ್ರಸಾರ? ಅದಕ್ಕೆ ಪರವಾನಗಿ ಇಲ್ಲ. ಹಾಗಾಗಿ ಕ್ಯಾಸೆಟ್ಟುಗಳನ್ನ ಸಂಘದ ಸಭೆಗಳಲ್ಲಿ ಹಾಕಿ ಕೇಳ್ತಿದ್ರು. ಸ್ಟುಡಿಯೊ ಇದೆ, ದನಿ ಇದೆ, ಕೇಳೋಕೆ ಜನ ಇದಾರೆ, ಗಾಳಿಗೆ ಬಿಡೋ ಹಾಗಿಲ್ಲ. ಹತ್ತು ವರ್ಷ.

ಯಾಕೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ಗಾಳಿಯಲ್ಲಿ ದನಿ ಕಳಿಸೋ ಹಕ್ಕು ಸರ್ಕಾರದ್ದು ಅಂತ ಹೇಳ್ತಿದ್ದ ಕಾನೂನು 1885ರದು, ಟೆಲಿಗ್ರಾಫ್ ಕಾಯ್ದೆ. ಆಗ ರೇಡಿಯೊ ಹುಟ್ಟೇ ಇರಲಿಲ್ಲ! ತಂತಿ ಕಂಬಕ್ಕೆ ಮಾಡಿದ ಕಾನೂನು ಮುಂದೆ ರೇಡಿಯೊಗೂ ಅನ್ವಯ ಆಯ್ತು. ನಮ್ಮ ಅಪ್ಪನ ಕಾಲದಲ್ಲಿ ರೇಡಿಯೊ *ಕೇಳೋಕೂ* ಪೋಸ್ಟಾಫೀಸಿಗೆ ವರ್ಷಾ ವರ್ಷಾ ದುಡ್ಡು ಕಟ್ಟಿ ಲೈಸೆನ್ಸ್ ತಗೋಬೇಕಿತ್ತು. ನಮ್ಮ ಮನೆ ಟ್ರಂಕಿನಲ್ಲಿ ಮುತ್ತ್ಯಾನ ಲೈಸೆನ್ಸ್ ಪುಸ್ತಕ ಇನ್ನೂ ಇದೆ, ಸ್ಟಾಂಪ್ ಹಚ್ಚಿದ್ದು.

ಆದರೆ ಇದಕ್ಕೂ ಮುಂಚೆ ಒಂದು ಬೇರೆ ದಾರಿ ಇತ್ತು, ಅದೂ ಮೈಸೂರಿನಲ್ಲೇ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಶುರು ಮಾಡಿದ್ರು. ಅದರ ಹೆಸರು 'ಆಕಾಶವಾಣಿ'. ಆ ಹೆಸರು ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೊಗೆ ಹೋಯ್ತು. ಅಂದ್ರೆ ಊರಿನ ಒಂದು ಮನೆಯಿಂದ ಊರಿನವರಿಗೆ ಅಂತ ಶುರುವಾದ ರೇಡಿಯೊದ ಹೆಸರನ್ನ ದಿಲ್ಲಿ ತಗೊಂಡಿತು. ಅಂಥ ಮನೆ ರೇಡಿಯೊ ಮತ್ತೆ ಹುಟ್ಟೋಕೆ ಮಾತ್ರ ಜಾಗ ಇಡಲಿಲ್ಲ. 1984ರಲ್ಲಿ ನಾಗರಕೋಯಿಲಿನಿಂದ ಆಕಾಶವಾಣಿಯ ಸ್ಥಳೀಯ ಕೇಂದ್ರಗಳು ಬಂದವು, ನಮ್ಮಲ್ಲೂ ಹಾಸನ, ಮಡಿಕೇರಿ, ರಾಯಚೂರುಗಳಲ್ಲಿ ಬಂದವು. ಒಳ್ಳೇ ಕೆಲಸವನ್ನೇ ಮಾಡಿದವು. ಆದರೂ ಯಜಮಾನಿಕೆ ಸರ್ಕಾರದ್ದೇ.

ಈ ಬೀಗ ಒಡೆದದ್ದು ಹಳ್ಳಿಗರ ಹೋರಾಟ ಅಲ್ಲ, ಕ್ರಿಕೆಟ್. 1993ರ ನವೆಂಬರ್, ಹೀರೊ ಕಪ್. ನನ್ನ ವಯಸ್ಸಿನವರಿಗೆ ಮರೆಯೋಕೆ ಸಾಧ್ಯವೇ ಇಲ್ಲ. ಸೆಮಿಫೈನಲ್ಲಿನಲ್ಲಿ ಸಚಿನ್ ಹಾಕಿದ ಆ ಕೊನೆ ಓವರು, ಫೈನಲ್ಲಿನಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ತಗೊಂಡು ವೆಸ್ಟ್ ಇಂಡೀಸನ್ನ ಮಲಗಿಸಿದ್ದು. ಮೈದಾನದ ಹೊರಗೆ ನಡೆದಿದ್ದು ಇನ್ನೊಂದು ಆಟ. ಟೂರ್ನಮೆಂಟ್ ನಡೆಸಿದ ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಒಂದು ವಿದೇಶಿ ಕಂಪನಿಗೆ ಮಾರಿತು. ದೂರದರ್ಶನ ಮತ್ತು ಸರ್ಕಾರ ಅದು ಹೇಗಾಗುತ್ತೆ, ಇಲ್ಲಿಂದ ಸಿಗ್ನಲ್ ಮೇಲೆ ಕಳಿಸೋ ಹಕ್ಕು ನಮ್ಮದು ಅಂದವು. ಜಗಳ ಸುಪ್ರೀಂ ಕೋರ್ಟಿಗೆ ಹೋಯ್ತು.

1995ರ ಫೆಬ್ರವರಿ 9ಕ್ಕೆ ತೀರ್ಪು. ಪೀಠದಲ್ಲಿದ್ದವರಲ್ಲಿ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಒಬ್ಬರು. ತೀರ್ಪಿನ ತಿರುಳು ಇಷ್ಟು: ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು. ಅವು ಸರ್ಕಾರದ ಏಕಸ್ವಾಮ್ಯವೂ ಆಗಬಾರದು, ದುಡ್ಡಿದ್ದವರ ಏಕಸ್ವಾಮ್ಯವೂ ಆಗಬಾರದು. ಜನರ ಹಿತಕ್ಕೆ ಬಳಸಬೇಕು. ಕ್ರಿಕೆಟ್ ಮ್ಯಾಚಿನ ದುಡ್ಡಿನ ಜಗಳದಿಂದ ಇಷ್ಟು ದೊಡ್ಡ ಮಾತು ಹುಟ್ಟಿತು ಅನ್ನೋದನ್ನ ನೆನೆಸಿಕೊಂಡ್ರೆ ಈಗಲೂ ಮಜಾ ಅನ್ಸುತ್ತೆ.

ಸರಿ, ತೀರ್ಪು ಬಂತು. ಗಾಳಿ ಮೊದಲು ಯಾರಿಗೆ ಸಿಕ್ಕಿತು? ದುಡ್ಡಿದ್ದವರಿಗೆ. ಹರಾಜು ಹಾಕಿದ್ರು. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೊ ಸಿಟಿ, 2001ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯ್ತು. ನಾವು ಹಾಸ್ಟೆಲಿನಲ್ಲಿ ಕೂತು ಖುಷಿಯಾಗಿ ಕೇಳಿದ್ವಿ, ಸುಳ್ಳು ಯಾಕೆ ಹೇಳ್ಲಿ. ಅದೇ ಹೊತ್ತಿನಲ್ಲಿ ಮಾಚನೂರಿನವರು ಕ್ಯಾಸೆಟ್ ಸುತ್ತಿ ಸುತ್ತಿ ಕೇಳ್ತಿದ್ರು ಅಂತ ನನಗೆ ಗೊತ್ತಿರಲಿಲ್ಲ.

ಹಳ್ಳಿಗೂ ಕೊಡಿ ಅನ್ನೋ ಕೂಗು ಆಗಲೇ ಇತ್ತು. 1996ರಲ್ಲಿ ಬೆಂಗಳೂರಿನ 'ವಾಯ್ಸಸ್' ಸಂಸ್ಥೆ ಜನರನ್ನ ಸೇರಿಸಿ ಒಂದು ಘೋಷಣೆ ಹೊರಡಿಸಿತು. 2000ದ ಜುಲೈನಲ್ಲಿ ಹೈದರಾಬಾದಿನಲ್ಲಿ ಸಭೆ ಮಾಡಿದವರು ಪಸ್ತಾಪುರಕ್ಕೆ ಹೋಗಿ, ಸಂಘದವರ ಕೆಲಸ ನೋಡಿ, ಪಸ್ತಾಪುರ ಘೋಷಣೆ ಅಂತ ಬರೆದರು. ಘೋಷಣೆಗಳ ಕಥೆ ನಿಮಗೆ ಗೊತ್ತಲ್ಲ, ಫೈಲು ಸೇರಿದವು.

ಈ ನಡುವೆ ನಮ್ಮ ಕೋಲಾರದವರು ಒಂದು ಜುಗಾಡ್ ಮಾಡಿದ್ರು. ಬಂಗಾರಪೇಟೆ ತಾಲೂಕಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಅಂತಾರಲ್ಲ, ಅದೇ. ಅಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು, ಯುನೆಸ್ಕೊ ಸಹಾಯದಿಂದ 'ನಮ್ಮ ಧ್ವನಿ' ಅನ್ನೋ ಕೇಂದ್ರ ಕಟ್ಟಿದವು. ಊರಿನ ಸ್ವಸಹಾಯ ಸಂಘದ ಹೆಣ್ಮಕ್ಕಳು, ಹುಡುಗರು ಕಾರ್ಯಕ್ರಮ ಮಾಡಿದ್ರು. ಕ್ಯಾಸೆಟ್ ಹಾಕಿದ್ರು, ಮೈಕಿನಲ್ಲಿ ಕೇಳಿಸಿದ್ರು. ಆಮೇಲೆ ಒಂದು ಉಪಾಯ ಹೊಳೀತು: ಗಾಳಿಯಲ್ಲಿ ಬಿಡೋಕೆ ತಾನೆ ಲೈಸೆನ್ಸ್ ಬೇಕು? ತಂತಿಯಲ್ಲಿ ಬಿಟ್ರೆ? ಊರಿನ ಕೇಬಲ್ ಟೀವಿಯವನ ತಂತಿಯಲ್ಲೇ ದನಿ ಹರಿಸಿ ಮನೆಮನೆಗೆ ಮುಟ್ಟಿಸಿದ್ರು. ಸಿನಿಮಾ ಬರೋ ತಂತಿಯಲ್ಲೇ ಪಕ್ಕದ ಮನೆಯವಳ ದನಿ! ನಾವು ಪ್ರೊಡಕ್ಷನ್‌ನಲ್ಲಿ ಇಂಥದ್ದಕ್ಕೆ 'ವರ್ಕ್‌ಅರೌಂಡ್' ಅಂತ ಹೆಸರಿಟ್ಟು ಟಿಕೆಟ್ ಕ್ಲೋಸ್ ಮಾಡ್ತೀವಿ. ಅವರು ಅದರಲ್ಲೇ ರೇಡಿಯೊ ಕಟ್ಟಿದ್ರು.

ಸರ್ಕಾರ 2002ರ ಕೊನೆಗೆ ಮೊದಲು ಬಾಗಿಲು ತೆಗೆದಿದ್ದು ಕಾಲೇಜುಗಳಿಗೆ ಮಾತ್ರ. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ಎಫ್‌ಎಂ ಬಂತು. ಗಿಂಡಿ ಕಡೆ ಇರೋರು ಈಗಲೂ 90.4ಕ್ಕೆ ಹಾಕಿ ನೋಡಿ. ಓದಿದವರ ಕೈಗೆ ಟ್ರಾನ್ಸ್‌ಮಿಟರ್ ಕೊಟ್ರೆ ಭಯವಿಲ್ಲ, ಓದದವರ ಕೈಗೆ ಕೊಟ್ರೆ ಏನಾಗುತ್ತೋ ಅನ್ನೋ ಲೆಕ್ಕಾಚಾರ ಇದರಲ್ಲಿ ಇತ್ತು ಅಂತಲೇ ನನಗನ್ನಿಸೋದು. ಕೊನೆಗೆ 2006ರ ನವೆಂಬರ್‌ನಲ್ಲಿ ಸಮುದಾಯ ಸಂಸ್ಥೆಗಳಿಗೂ ಅನುಮತಿ ಕೊಡೋ ನೀತಿ ಬಂತು. 2008ರ ಅಕ್ಟೋಬರ್ 15ಕ್ಕೆ ಸಂಗಂ ರೇಡಿಯೊ ಗಾಳಿಗೆ ಬಂತು. ವಿಶ್ವಸಂಸ್ಥೆ ಆ ವರ್ಷದಿಂದ ಗ್ರಾಮೀಣ ಮಹಿಳೆಯರ ದಿನ ಅಂತ ಗುರುತಿಸಿದ್ದೂ ಅದೇ ಅಕ್ಟೋಬರ್ 15. ತೀರ್ಪು ಬಂದು ಹದಿಮೂರು ವರ್ಷ ಎಂಟು ತಿಂಗಳು ಆಗಿತ್ತು. ದಿನಾ ಸಂಜೆ 7ರಿಂದ 9, ಅಂದ್ರೆ ಹೊಲದಿಂದ ಬಂದು ಒಲೆ ಮುಂದೆ ಕೂರೋ ಹೊತ್ತು.

ಇದರ ಯಂತ್ರ ತುಂಬಾ ಸಣ್ಣದು. ನಿಯಮದ ಪ್ರಕಾರ 100 ವ್ಯಾಟ್, ಕಂಬ 30 ಮೀಟರ್. ಗಾಡಿಯಲ್ಲಿ ಹೋದ್ರೆ ಹತ್ತು ಹದಿನೈದು ನಿಮಿಷಕ್ಕೆ ದಾಟಿಬಿಡ್ತೀವಿ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಆ ಊರಿನಲ್ಲೇ ತಯಾರಾಗಿರಬೇಕು. ಮತ್ತೆ ಒಂದು ನಿಯಮ: ತಮ್ಮದೇ ಸುದ್ದಿ ಹೇಳೋ ಹಾಗಿಲ್ಲ. ಇದನ್ನ ಮಾತ್ರ ನನಗೆ ಇವತ್ತಿಗೂ ಅರಗಿಸಿಕೊಳ್ಳೋಕೆ ಆಗಿಲ್ಲ. ಊರ ಬೋರ್‌ವೆಲ್ ಕೆಟ್ಟಿದೆ ಅಂತ ಹೇಳಿದ್ರೆ ಅದು ಸುದ್ದಿಯೋ, ಕಥೆಯೋ? ಟೀವಿಯಲ್ಲಿ ರಾತ್ರಿ ಒಂಬತ್ತಕ್ಕೆ ಹತ್ತು ಜನ ಕಿರುಚಾಡೋದಕ್ಕೆ ಅನುಮತಿ ಇದೆ.

ಆದರೆ ಈ ನಿರ್ಬಂಧದಿಂದಲೇ ಒಂದು ವಿಚಿತ್ರ ಆಯ್ತು ಅಂತಲೂ ಅನ್ಸುತ್ತೆ. ಸುದ್ದಿ ಇಲ್ಲ, ಸ್ಟಾರ್ ಇಲ್ಲ, ಸಿನಿಮಾ ಹಾಡಿಗೆ ದುಡ್ಡಿಲ್ಲ. ಉಳಿದದ್ದು ಏನು? ಜನ. ಹಾಗಾಗಿ ಈ ರೇಡಿಯೊಗಳು ಹೆಚ್ಚಾಗಿ ಹೇಳೋದು ಯಾರೂ ಕೇಳದವರ ಕಥೆ. ಸೂಲಗಿತ್ತಿ, ಕುರಿ ಕಾಯೋನು, ಗಂಡ ಬಿಟ್ಟು ಹೋದ ಮೇಲೆ ಎರಡೆಕರೆ ಉಳಿಸಿಕೊಂಡ ಹೆಂಗಸು. ಗುರುಗ್ರಾಮದಲ್ಲಿರೋ ನಮ್ಮವರಿಗೆ ಗೊತ್ತಿರಬಹುದು, ಅಲ್ಲಿ 2009ರಿಂದ 107.8ರಲ್ಲಿ 'ಗುಡಗಾಂವ್ ಕಿ ಆವಾಜ್' ಬರುತ್ತೆ. ಹರಿಯಾಣದ ರಾಗಿಣಿ ಹಾಡೋರು, ಬಿಹಾರದಿಂದ ಬಂದ ಕಾರ್ಖಾನೆ ಕೂಲಿಗಳು, ಅವರದೇ ದನಿ. ನಾವು ಕೂತು ಕೋಡ್ ಬರೆಯೋ ಗಾಜಿನ ಕಟ್ಟಡದ ಕೆಳಗೆ ಸೆಕ್ಯುರಿಟಿ ಗಾರ್ಡ್ ಮೊಬೈಲಿನಲ್ಲಿ ಅದನ್ನೇ ಕೇಳ್ತಿರಬಹುದು. ಪುಣೆಯವರಿಗಾದ್ರೆ ಸಾತಾರಾ ಜಿಲ್ಲೆ ಮ್ಹಸವಡದ ಮಾಣದೇಶಿ ರೇಡಿಯೊ ಇದೆ. ಕಲಬುರಗಿಯಲ್ಲಿ ಅಂತರ್ವಾಣಿ, ಮಂಗಳೂರಿನಲ್ಲಿ ಸಾರಂಗ್.

ಎಲ್ಲವೂ ಚಂದ ಅಂತ ಹೇಳೋಕೆ ನಾನು ಬಂದಿಲ್ಲ. ಹೆಸರಿಗೆ ಸಮುದಾಯ, ಒಳಗೆ ಕಾಲೇಜಿನ ಜಾಹೀರಾತು ವಿಭಾಗ ಅನ್ನೋ ಹಾಗಿರೋ ಕೇಂದ್ರಗಳೂ ಇವೆ. ದುಡ್ಡಿನ ಕಷ್ಟ ಎಲ್ಲರಿಗೂ ಇದೆ. ಹಳ್ಳಿ ಹುಡುಗರ ಕೈಯಲ್ಲಿ ಈಗ ಮೊಬೈಲ್ ಇದೆ, ಸಂಜೆ ಏಳಕ್ಕೆ ರೇಡಿಯೊ ಹಚ್ಚೋರು ವಯಸ್ಸಾದವರು. ದೇಶದಲ್ಲಿ ಈಗ ಐನೂರರ ಆಸುಪಾಸು ಸಮುದಾಯ ರೇಡಿಯೊಗಳಿವೆ ಅಂದ್ರೂ, ಆರು ಲಕ್ಷ ಹಳ್ಳಿಗಳಿಗೆ ಐನೂರು ಅಂದ್ರೆ ಲೆಕ್ಕ ನೀವೇ ಹಾಕಿ.

ಇನ್ನು ಆಯಿಯ ವಿಷಯ.

ಆ ರೇಡಿಯೊ ಕೇಳಿದ ಮೇಲೆ ನನಗೂ ಒಂದು ಹುಚ್ಚು ಹತ್ತಿತು, ಆಯಿಯ ದನಿ ತುಂಬಿಸಿಡಬೇಕು ಅಂತ. ಮರುವಾರವೇ ಮೊಬೈಲ್ ಹಿಡ್ಕೊಂಡು ಎದುರು ಕೂತೆ. "ಆಯಿ, ನಿನ್ನ ಜೀವನದ ಬಗ್ಗೆ ಹೇಳು" ಅಂದೆ. ಆಕೆ ಸೆರಗು ಸರಿ ಮಾಡ್ಕೊಂಡು, ನೆಟ್ಟಗೆ ಕೂತು, ಮಠದ ಸ್ವಾಮಿಗಳು ಪ್ರವಚನ ಮಾಡೋ ಕನ್ನಡದಲ್ಲಿ 'ಎಲ್ಲರೂ ಚೆನ್ನಾಗಿರಬೇಕು, ಹಿರಿಯರ ಮಾತು ಕೇಳಬೇಕು' ಅಂತ ಎರಡು ಮಾತು ಹೇಳಿ ಸುಮ್ಮನಾದಳು. ನನ್ನ ಎದುರು ನನ್ನದೇ ರೋಗ! ಮೈಕ್ ಕಂಡ ಕೂಡಲೇ ನಮ್ಮ ಮಾತು ಕೀಳು ಅನ್ಸೋದು. ಆಫೀಸಿನಲ್ಲಿ ನನಗಾಗಿದ್ದು ಆಕೆಗೆ ತನ್ನ ಪಡಸಾಲೆಯಲ್ಲೇ ಆಯ್ತು.

ಆಗ ನೆನಪಾಗಿದ್ದು ಆ ಬೀಜದ ಬುಟ್ಟಿಯ ಹೆಣ್ಮಗಳು. ಆಕೆಯನ್ನ ಯಾರೂ 'ಜೀವನದ ಬಗ್ಗೆ' ಕೇಳಿರಲಿಲ್ಲ, ಬೂದಿ ಎಷ್ಟು ಅಂತ ಕೇಳಿದ್ರು. ಮೊಬೈಲನ್ನ ಗೂಡಿನಲ್ಲಿಟ್ಟು, "ಆಯಿ, ಹಗೇವು ಹೆಂಗ ತುಂಬತಿದ್ರಿ?" ಅಂದೆ. ನೆಲದೊಳಗೆ ಜೋಳ ತುಂಬಿಡೋ ಕಣಜ ಅದು, ಈಗಿನವರಿಗೆ ಗೊತ್ತಿರಲಿಕ್ಕಿಲ್ಲ.

ನಲವತ್ತು ನಿಮಿಷ ಮಾತಾಡಿದಳು. ತಳಕ್ಕೆ ಹುಲ್ಲು ಹೇಗೆ ಹಾಸಬೇಕು, ಬಾಯಿ ತೆಗೆದ ಕೂಡಲೇ ಯಾಕೆ ಇಳಿಯಬಾರದು, ಒಳಗಿನ ಗಾಳಿ ಹೇಗೆ ಮನುಷ್ಯನನ್ನ ಕೊಲ್ಲುತ್ತೆ, ದೀಪ ಇಳಿಬಿಟ್ಟು ಹೇಗೆ ನೋಡ್ತಿದ್ರು. ಅಲ್ಲಿಂದ ಎಪ್ಪತ್ತೆರಡರ ಬರಕ್ಕೆ ಬಂದಳು. ಹಗೇವು ಖಾಲಿಯಾದದ್ದು, ಸರ್ಕಾರದ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೇ ಇದ್ದದ್ದು, ಕಲ್ಲು ಒಡೆಯೋ ಕೆಲಸಕ್ಕೆ ಹೋದದ್ದು. ಆಯಿ ಕಲ್ಲು ಒಡೆದಿದ್ದಳು ಅಂತ ನಮ್ಮ ಅಪ್ಪನಿಗೂ ಪೂರ್ತಿ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳ್ತಿದ್ದವರು ಒಳಗೆ ಹೋದ್ರು.

ಆ ಫೋನು ಎರಡು ವರ್ಷ ಬಿಟ್ಟು ಸತ್ತಿತು. ಬ್ಯಾಕಪ್ ಮಾಡಿರಲಿಲ್ಲ. ಡೇಟಾ ಸೆಂಟರಿನವರ ಬ್ಯಾಕಪ್ ನೋಡ್ಕೊಳ್ಳೋದೇ ನನ್ನ ಕೆಲಸ, ನಗಬೇಡಿ. ಆಯಿ 2016ರಲ್ಲಿ ಹೋದಳು. ಚಿಕ್ಕಪ್ಪನ ಮಗನಿಗೆ ಅವತ್ತೇ ಬ್ಲೂಟೂತಿನಲ್ಲಿ ಕಳಿಸಿದ್ದ ಒಂದು ತುಂಡು ಮಾತ್ರ ಉಳಿದಿದೆ, ಹನ್ನೊಂದು ನಿಮಿಷ. ಹಗೇವಿನ ಮಾತು ಅದರಲ್ಲಿಲ್ಲ. ಕಲ್ಲು ಒಡೆದದ್ದು ಇದೆ.

ಜಹೀರಾಬಾದ್ ಹತ್ತಿರ ಬಂದಾಗ ಈಗ ಮಗಳೇ ಡಯಲ್ ತಿರುಗಿಸ್ತಾಳೆ. ದನಿ ಹರಿದು ಹೋದ ಮೇಲೆ ಒಮ್ಮೊಮ್ಮೆ ಆಯಿಯ ಹನ್ನೊಂದು ನಿಮಿಷ ಹಾಕ್ತೀವಿ. ಅದರ ಕೊನೆಯಲ್ಲಿ ಒಂದು ಕೆಮ್ಮು, ತಂಬಿಗೆ ಕೆಳಗಿಟ್ಟ ಸಪ್ಪಳ, ಆಮೇಲೆ ಆಯಿ ನನಗೆ ಹೇಳಿದ್ದು: "ಆಯ್ತೇನಪಾ? ಬಂದ್ ಮಾಡು. ಸುಮ್ಮ ಬ್ಯಾಟ್ರಿ ಹಾಳ್ ಆಗ್ತದ."